ಕಡಲೊಳಗೆ ಕಿವಿ ಇಳಿಸುವ ಹೆಲಿಕಾಪ್ಟರ್

ಹೈದರಾಬಾದಿಗೆ ಸಮುದ್ರವಿಲ್ಲ. ಅಲೆ ನೋಡಬೇಕೆಂದರೆ ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಸೂರ್ಯಲಂಕಕ್ಕೋ ಮಚಲೀಪಟ್ಟಣಕ್ಕೋ ಹೋಗಬೇಕು. ಊರೊಳಗಿನ ಒಂದು ಕೆರೆಗೇ ‘ಸಾಗರ’ ಅಂತ ಹೆಸರಿಟ್ಟುಕೊಂಡು, ಸಂಜೆ ಟ್ಯಾಂಕ್ ಬಂಡ್ ಮೇಲೆ ನಿಂತು ಗಾಳಿ ಕುಡಿಯುವ ಜನ ನಾವು. ಇಂಥ ಊರಿನಲ್ಲಿ ಕೂತು ನೌಕಾಪಡೆಯ ಹೆಲಿಕಾಪ್ಟರ್ ಬಗ್ಗೆ ಬರೆಯುತ್ತಾನಲ್ಲ ಈ ಮನುಷ್ಯ ಎಂದು ನೀವು ನಗಬಹುದು. ಆದರೆ ನಾನು ಉತ್ತರ ಕನ್ನಡದ ಕರಾವಳಿಯವನು. ಇಪ್ಪತ್ತು ವರ್ಷದಿಂದ ಈ ಊರಿನ ಅನ್ನ ತಿನ್ನುತ್ತಿದ್ದೇನೆ. ಹುಟ್ಟಿದ ಊರಿನ ಕಡಲಿಗೂ ಇದ್ದ ಊರಿನ ಕಾರ್ಖಾನೆಗಳಿಗೂ ಇರುವ ನಂಟು ಗೊತ್ತಾದ ಮೇಲೆ ಸುಮ್ಮನಿರಲು ಆಗಲಿಲ್ಲ.

ಇಲ್ಲಿನವರಿಗೆ ಜಲಾಂತರ್ಗಾಮಿ ಅಂದ ಕೂಡಲೇ ನೆನಪಾಗುವುದು ‘ಘಾಜಿ’. 2017ರಲ್ಲಿ ಬಂದ ತೆಲುಗು ಸಿನಿಮಾ ನೋಡದವರು ನಮ್ಮ ಬೀದಿಯಲ್ಲಿ ಯಾರೂ ಇಲ್ಲ. 1971ರ ಡಿಸೆಂಬರ್ ಮೊದಲ ವಾರ ಪಾಕಿಸ್ತಾನದ ‘ಘಾಜಿ’ ವಿಶಾಖಪಟ್ಟಣದ ಹೊರಗೆ ಮುಳುಗಿತು. ಅದು ಗೆದ್ದ ಕಥೆ, ಹಾಗಾಗಿ ಸಿನಿಮಾ ಆಯಿತು. ಅದೇ ಯುದ್ಧದ ಸೋತ ಕಥೆಯನ್ನು ಅಷ್ಟಾಗಿ ಯಾರೂ ಹೇಳುವುದಿಲ್ಲ. ಡಿಸೆಂಬರ್ 9ರ ರಾತ್ರಿ ಗುಜರಾತ್ ಕರಾವಳಿಯ ದೀವ್ ಹತ್ತಿರ ನಮ್ಮ ‘ಐಎನ್ಎಸ್ ಖುಕ್ರಿ’ಯನ್ನು ಪಾಕಿಸ್ತಾನದ ‘ಹಂಗೋರ್’ ಎಂಬ ಜಲಾಂತರ್ಗಾಮಿ ಟಾರ್ಪೆಡೊ ಹೊಡೆದು ಮುಳುಗಿಸಿತು. 18 ಅಧಿಕಾರಿಗಳು, 176 ನಾವಿಕರು ಹೋದರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗು ಬಿಟ್ಟು ಬರಲಿಲ್ಲ. ಎರಡನೇ ಮಹಾಯುದ್ಧದ ನಂತರ ಜಲಾಂತರ್ಗಾಮಿಯೊಂದು ಯುದ್ಧನೌಕೆಯನ್ನು ಮುಳುಗಿಸಿದ್ದು ಅದೇ ಮೊದಲು.

ಖುಕ್ರಿ ಹೊರಟಿದ್ದೇ ಆ ಜಲಾಂತರ್ಗಾಮಿಯನ್ನು ಹುಡುಕಲು. ಬೇಟೆಗಾರನೇ ಬೇಟೆಯಾದ. ಬ್ರಿಟನ್ನಿನಲ್ಲಿ ಕಟ್ಟಿದ ಆ ಸಣ್ಣ ಫ್ರಿಗೇಟಿನ ಮೇಲೆ ಹೆಲಿಕಾಪ್ಟರ್ ಇಳಿಯುವ ಜಾಗವೇ ಇರಲಿಲ್ಲ. ಅದರ ಸೋನಾರ್ ಹತ್ತಿರದ್ದನ್ನು ಮಾತ್ರ ಕೇಳಬಲ್ಲದು. ಹಂಗೋರ್ ದೂರದಿಂದಲೇ ಇವರ ಸದ್ದು ಕೇಳಿಸಿಕೊಂಡು ಕಾದು ಕೂತಿತ್ತು. ಕಡಲ ಯುದ್ಧದಲ್ಲಿ ಯಾರು ಮೊದಲು ಕೇಳಿಸಿಕೊಳ್ಳುತ್ತಾರೋ ಅವರು ಉಳಿಯುತ್ತಾರೆ.

ನೋಡುವ ಮಾತು ಬಿಟ್ಟು ಕೇಳುವ ಮಾತು ಯಾಕೆ ಎಂದರೆ, ನೀರೊಳಗೆ ಕಣ್ಣು ನಡೆಯುವುದಿಲ್ಲ. ಬೆಳಕು ಕೆಲವೇ ಮೀಟರ್‌ಗಳಲ್ಲಿ ಮಂಕಾಗುತ್ತದೆ, ರೇಡಾರಿನ ಅಲೆ ಉಪ್ಪುನೀರಿನ ಮೇಲ್ಮೈಯಲ್ಲೇ ನಿಂತುಬಿಡುತ್ತದೆ. ಶಬ್ದ ಒಂದೇ ದೂರ ಹೋಗುವುದು. ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಓಡುವ ಶಬ್ದ ಸಮುದ್ರದಲ್ಲಿ ಸುಮಾರು 1500 ಮೀಟರ್ ಓಡುತ್ತದೆ. ಆದರೆ ನೇರವಾಗಿ ಓಡುವುದಿಲ್ಲ. ಬಿಸಿನೀರಿನಲ್ಲಿ ಶಬ್ದದ ವೇಗ ಹೆಚ್ಚು, ತಣ್ಣೀರಿನಲ್ಲಿ ಕಡಿಮೆ. ಅರಬ್ಬೀ ಸಮುದ್ರದಂಥ ಬೆಚ್ಚಗಿನ ಕಡಲಲ್ಲಿ ಮೇಲಿನ ಪದರ ಬಿಸಿಯಾಗಿರುತ್ತದೆ, ಅದರ ಕೆಳಗೆ ನೀರು ತಟ್ಟನೆ ತಣ್ಣಗಾಗುತ್ತದೆ. ಹಡಗಿನ ತಳದಿಂದ ಹೊರಟ ಶಬ್ದ ಆ ಗಡಿಯಲ್ಲಿ ಕೆಳಕ್ಕೆ ಬಾಗಿಬಿಡುತ್ತದೆ. ಹೀಗೆ ಬಾಗಿದಾಗ ಒಂದು ಕಡೆ ನೆರಳಿನಂಥ ಜಾಗ ಉಳಿಯುತ್ತದೆ, ಅಲ್ಲಿಗೆ ಹಡಗಿನ ಕೂಗು ಮುಟ್ಟುವುದೇ ಇಲ್ಲ. ಅನುಭವಿ ಜಲಾಂತರ್ಗಾಮಿ ಕ್ಯಾಪ್ಟನ್ ಹುಡುಕಿಕೊಂಡು ಹೋಗಿ ಕೂರುವುದು ಆ ನೆರಳಲ್ಲೇ. ಮಧ್ಯಾಹ್ನ ಬಿಸಿಲೇರಿದಷ್ಟೂ ಹಡಗಿನ ಸೋನಾರ್ ಕಿವುಡಾಗುತ್ತದೆ ಎಂಬುದು ನೌಕಾಪಡೆಗಳಿಗೆ ಹಳೆಯ ಅನುಭವ.

ಇಲ್ಲಿಗೇ ಹೆಲಿಕಾಪ್ಟರ್ ಬೇಕಾಗುವುದು. ನಮ್ಮ ಬಾಲ್ಯದ ಬಾವಿಗಳನ್ನು ನೆನಪಿಸಿಕೊಳ್ಳಿ. ರಾಟೆಗೆ ಹಗ್ಗ, ಹಗ್ಗಕ್ಕೆ ಕೊಡ. ಹೆಲಿಕಾಪ್ಟರ್ ಸಮುದ್ರದ ಮೇಲೆ ಇಪ್ಪತ್ತು ಮೀಟರ್ ಆಸುಪಾಸಿನ ಎತ್ತರದಲ್ಲಿ ನಿಂತಲ್ಲೇ ನಿಂತು, ಹೊಟ್ಟೆಯೊಳಗಿನ ರಾಟೆಯಿಂದ ಕೇಬಲ್ ಬಿಟ್ಟು ಸೋನಾರನ್ನು ಕೊಡದ ಹಾಗೆ ಇಳಿಸುತ್ತದೆ. ಬಿಸಿನೀರಿನ ಪದರ ದಾಟಿ, ನೂರಾರು ಮೀಟರ್ ಕೆಳಗೆ, ಜಲಾಂತರ್ಗಾಮಿ ಅಡಗಿದ ಪದರದಲ್ಲೇ ಕಿವಿ ಇಡುತ್ತದೆ. ಕೆಲವು ನಿಮಿಷ ಕೂಗಿ, ಕೇಳಿ, ಕೇಬಲ್ ಎಳೆದುಕೊಂಡು ಇನ್ನೊಂದು ಕಡೆ ಹಾರಿ ಮತ್ತೆ ಇಳಿಸುತ್ತದೆ. ಜೊತೆಗೆ ಸೋನೊಬಾಯ್ ಎಂಬ ತೇಲುವ ಕಿವಿಗಳನ್ನು ಅಲ್ಲಲ್ಲಿ ಉದುರಿಸಿ ಹೋಗುತ್ತದೆ. ಅವು ಕೇಳಿದ್ದನ್ನು ರೇಡಿಯೊ ಮೂಲಕ ಹೇಳುತ್ತಿರುತ್ತವೆ. ಜಾಗ ಪಕ್ಕಾ ಆದರೆ ಪ್ಯಾರಾಶೂಟ್ ಕಟ್ಟಿದ ಟಾರ್ಪೆಡೊ ಬೀಳುತ್ತದೆ. ಹಡಗಿಗಿಂತ ಎಷ್ಟೋ ಪಟ್ಟು ವೇಗ, ಅದರ ಮೇಲೆ ತನ್ನ ಟಾರ್ಪೆಡೊ ಬಿಡಲು ಜಲಾಂತರ್ಗಾಮಿಗೆ ದಾರಿಯಿಲ್ಲ. ಹದ್ದು ಮೇಲೆ ತಿರುಗುತ್ತಿದ್ದರೆ ಮೀನಿಗೆ ಬೇಸರ ಬರುವಂತೆ, ಜಲಾಂತರ್ಗಾಮಿ ಕ್ಯಾಪ್ಟನ್‌ಗೆ ಹೆಲಿಕಾಪ್ಟರ್ ಕಂಡರೆ ಆಗುವುದಿಲ್ಲ.

ನಮ್ಮ ನೌಕಾಪಡೆಗೆ ಇದು ಗೊತ್ತಿರಲಿಲ್ಲ ಎಂದಲ್ಲ. ಬ್ರಿಟನ್ನಿನ ಸೀಕಿಂಗ್ ಹೆಲಿಕಾಪ್ಟರ್‌ಗಳು 1971ರಲ್ಲೇ ಬಂದಿದ್ದವು. ನಂತರ ರಷ್ಯಾದ ಕಾಮೋವ್ ಬಂದವು, ಸುಧಾರಿತ ಸೀಕಿಂಗ್ 42ಬಿ ಬಂದವು. ಆಮೇಲೆ ಬಹುಕಾಲ ಏನೂ ಬರಲಿಲ್ಲ. ಹಡಗುಗಳನ್ನು ಮುಂಬಯಿಯಲ್ಲಿ, ಕೋಲ್ಕತ್ತದಲ್ಲಿ ನಾವೇ ಕಟ್ಟುತ್ತಾ ಹೋದೆವು, ಅವುಗಳ ಮೇಲೆ ಹೆಲಿಕಾಪ್ಟರ್‌ಗೆ ಡೆಕ್ ಕಟ್ಟಿದೆವು, ಹ್ಯಾಂಗರ್ ಕಟ್ಟಿದೆವು. ಅದರೊಳಗೆ ಇಡಲು ತಕ್ಕ ಹೆಲಿಕಾಪ್ಟರ್ ಮಾತ್ರ ಸಾಲದಾಯಿತು. 2014ರ ಕೊನೆಗೆ 16 ಹೆಲಿಕಾಪ್ಟರ್‌ಗಳಿಗೆ ಅಮೆರಿಕದ ಸಿಕೋರ್ಸ್ಕಿ ಕಂಪನಿಯ ಆಯ್ಕೆ ಆಯಿತು, ಬೆಲೆಯ ಚೌಕಾಸಿಯಲ್ಲಿ 2017ಕ್ಕೆ ಅದೂ ಮುರಿದುಬಿತ್ತು. ಹೊಸ ಮನೆ ಕಟ್ಟಿಸಿ ದನದ ಕೊಟ್ಟಿಗೆ ಖಾಲಿ ಬಿಟ್ಟ ಹಾಗೆ.

ಕೊನೆಗೆ ಬಂದದ್ದು ಎಂಎಚ್-60ಆರ್. ನೌಕಾಪಡೆಯವರ ಬಾಯಲ್ಲಿ ‘ರೋಮಿಯೊ’. 2019ರ ಏಪ್ರಿಲ್‌ನಲ್ಲಿ ಅಮೆರಿಕ ಸರ್ಕಾರ 24 ಹೆಲಿಕಾಪ್ಟರ್‌ಗಳ ಮಾರಾಟಕ್ಕೆ ಒಪ್ಪಿತು, ಅಂದಾಜು ಬೆಲೆ 260 ಕೋಟಿ ಡಾಲರ್. 2020ರ ಫೆಬ್ರವರಿಯಲ್ಲಿ ಒಪ್ಪಂದ, 2021ರ ಜುಲೈನಲ್ಲಿ ಸ್ಯಾನ್ ಡಿಯಾಗೊದಲ್ಲಿ ಮೊದಲೆರಡರ ಹಸ್ತಾಂತರ. 2024ರ ಮಾರ್ಚ್ 6ರಂದು ಕೊಚ್ಚಿಯಲ್ಲಿ ಇವುಗಳ ಮೊದಲ ಸ್ಕ್ವಾಡ್ರನ್, 334ನೆಯದು, ಸೇವೆಗೆ ಸೇರಿತು. ಜಲಾಂತರ್ಗಾಮಿ ಬೇಟೆ, ಹಡಗಿನ ಮೇಲೆ ದಾಳಿ, ಕಡಲಲ್ಲಿ ಸಿಕ್ಕಿಬಿದ್ದವರ ರಕ್ಷಣೆ, ರೋಗಿಗಳ ಸಾಗಾಟ, ಎಲ್ಲಕ್ಕೂ ಒಂದೇ ಯಂತ್ರ. ನೀರಿನಿಂದ ಕ್ಷಣಕಾಲ ಮೇಲೆದ್ದ ಪೆರಿಸ್ಕೋಪನ್ನೂ ಹಿಡಿಯುವ ರೇಡಾರ್ ಇದೆ, ಮುಳುಗಿಸುವ ಸೋನಾರ್ ಇದೆ, ಟಾರ್ಪೆಡೊ, ಕ್ಷಿಪಣಿ ಇವೆ. ರೆಕ್ಕೆ, ಬಾಲ ಎರಡನ್ನೂ ಮಡಚಿ ಹಡಗಿನ ಹ್ಯಾಂಗರಿಗೆ ತಳ್ಳಬಹುದು.

ಬೆಲೆ ಅಲ್ಲಿಗೇ ಮುಗಿಯುವುದಿಲ್ಲ. ಸೋನೊಬಾಯ್‌ಗಳು ಒಮ್ಮೆ ಬಿಟ್ಟರೆ ಹೋದವೇ. ಅವುಗಳ ಒಂದು ಕಂತಿಗೆ 2024ರ ಆಗಸ್ಟ್‌ನಲ್ಲಿ ಅಮೆರಿಕ ಹೇಳಿದ ಅಂದಾಜು 5.28 ಕೋಟಿ ಡಾಲರ್. 2025ರ ನವೆಂಬರ್‌ನಲ್ಲಿ ಈ 24 ಹೆಲಿಕಾಪ್ಟರ್‌ಗಳನ್ನು ಐದು ವರ್ಷ ಸುಸ್ಥಿತಿಯಲ್ಲಿಡಲು ಮಾಡಿಕೊಂಡ ಏರ್ಪಾಡು ಸುಮಾರು 8,000 ಕೋಟಿ ರೂಪಾಯಿಯದು. ಕಾರು ಕೊಂಡವರಿಗೆಲ್ಲ ಗೊತ್ತಿರುವ ಸಂಗತಿ: ಷೋರೂಮಿನಲ್ಲಿ ಕೊಡುವುದು ಮೊದಲ ಕಂತು ಮಾತ್ರ, ಸರ್ವಿಸ್ ಸೆಂಟರಿನವನ ಜೊತೆ ನಂಟು ಜೀವನಪರ್ಯಂತ.

ಇನ್ನು ನಮ್ಮ ಹೈದರಾಬಾದಿಗೆ ಬರೋಣ. ನಮ್ಮ ಅಪಾರ್ಟ್‌ಮೆಂಟಿನ ಎರಡನೇ ಮಹಡಿಯಲ್ಲಿ ಬೀದರ್ ಕಡೆಯ ಹಿರಿಯರೊಬ್ಬರಿದ್ದಾರೆ. ಬಾಲಾನಗರದಲ್ಲಿ ವಿಮಾನದ ಎಲೆಕ್ಟ್ರಾನಿಕ್ ಉಪಕರಣಗಳ ಪರೀಕ್ಷೆ ಮಾಡುತ್ತಲೇ ನಿವೃತ್ತರಾದವರು. ಎಚ್ಎಎಲ್‌ನ ಏವಿಯಾನಿಕ್ಸ್ ವಿಭಾಗ ಅಲ್ಲಿ 1965ರಿಂದ ಇದೆ. ರೇಡಿಯೊ, ಶತ್ರು ಯಾರು ಮಿತ್ರ ಯಾರು ಎಂದು ಗುರುತಿಸುವ ಸಾಧನ, ರೇಡಿಯೊ ಆಲ್ಟಿಮೀಟರ್ ಇಂಥವೆಲ್ಲ ಅಲ್ಲಿ ತಯಾರಾಗುತ್ತವೆ. ಕೆಳಕ್ಕೆ ರೇಡಿಯೊ ಅಲೆ ಕಳಿಸಿ, ಅದು ತಿರುಗಿ ಬರುವ ಹೊತ್ತು ಅಳೆದು ನೆಲದಿಂದ ಎಷ್ಟು ಎತ್ತರದಲ್ಲಿದ್ದೇವೆ ಎಂದು ಹೇಳುವ ಸಾಧನ ಈ ಆಲ್ಟಿಮೀಟರ್. ‘ಇದರಲ್ಲಿ ಅಂಥಾದ್ದೇನಿದೆ ಕಾಕಾ?’ ಎಂದು ಒಮ್ಮೆ ಕೇಳಿದೆ.

‘ನೋಡ್ರಿ, ರಾತ್ರಿ ಸಮುದ್ರದ ಮ್ಯಾಲ ಪೈಲಟ್‌ಗ ಏನೂ ಕಾಣಂಗಿಲ್ಲ. ಮ್ಯಾಲಿನ ಕಪ್ಪು ಯಾವ್ದು, ಕೆಳಗಿನ ಕಪ್ಪು ಯಾವ್ದು ತಿಳಿಯಂಗಿಲ್ಲ. ಅವಾಗ ಅವನ ಕಣ್ಣು ಅಂದ್ರ ಈ ಡಬ್ಬಿನೇ. ಇದು ಹತ್ತು ಮೀಟರ್ ಸುಳ್ಳು ಹೇಳ್ತು ಅಂದ್ರ ಮುಗೀತು. ಅದಕ್ಕೇ ನಾವು ಒಂದು ಡಬ್ಬಿಗಿ ದಿನಗಟ್ಟಲೆ ಕೂಡ್ತಿದ್ವಿ’ ಅಂದರು.

ಇಪ್ಪತ್ತು ಮೀಟರ್ ಎತ್ತರದಲ್ಲಿ ನಿಂತ ಹೆಲಿಕಾಪ್ಟರಿಗೆ ಹತ್ತು ಮೀಟರ್ ಅಂದರೆ ಅರ್ಧ ಆಯುಷ್ಯ. ಆ ಮಾತು ನನ್ನ ತಲೆಯಿಂದ ಹೋಗಿಲ್ಲ.

ನಗರದ ಇನ್ನೊಂದು ತುದಿಯಲ್ಲಿ, ಕಂಚನ್‌ಬಾಗ್ ಕಡೆ, ಡಿಆರ್‌ಡಿಒ ಪ್ರಯೋಗಾಲಯಗಳ ಸಾಲೇ ಇದೆ. ನೌಕಾ ಹೆಲಿಕಾಪ್ಟರಿನಿಂದ ಹಾರಿಸುವ ನಮ್ಮದೇ ಮೊದಲ ಹಡಗು ನಾಶಕ ಕ್ಷಿಪಣಿಯನ್ನು ಇಲ್ಲಿನ ಆರ್‌ಸಿಐ ಮತ್ತು ಡಿಆರ್‌ಡಿಎಲ್, ಪುಣೆ ಹಾಗೂ ಚಂಡೀಗಢದ ಪ್ರಯೋಗಾಲಯಗಳ ಜೊತೆ ಸೇರಿ ಮಾಡಿವೆ. 2022ರ ಮೇ 18ರಂದು ಒಡಿಶಾದ ಚಾಂದೀಪುರದಲ್ಲಿ ಸೀಕಿಂಗ್‌ನಿಂದಲೇ ಅದರ ಮೊದಲ ಪರೀಕ್ಷೆ ನಡೆಯಿತು. 2025ರ ಫೆಬ್ರವರಿ ಪರೀಕ್ಷೆಯಲ್ಲಿ, ಹಾರಿಹೋದ ಮೇಲೂ ಪೈಲಟ್ ಚಿತ್ರ ನೋಡಿ ‘ಆ ಹಡಗು ಬೇಡ, ಈ ಹಡಗು’ ಎಂದು ಗುರಿ ಬದಲಿಸಬಹುದು ಎಂಬುದನ್ನು ತೋರಿಸಿದರು. ಅದರೊಳಗೂ ಒಂದು ರೇಡಿಯೊ ಆಲ್ಟಿಮೀಟರ್ ಇದೆ, ನೀರಿಗೆ ತಾಗಿಯೂ ತಾಗದಂತೆ ಹಾರಲು. ಹಳೆಯ ಸೀಕಿಂಗ್‌ನಲ್ಲಿದ್ದ ಬ್ರಿಟನ್ನಿನ ಸೀ ಈಗಲ್ ಕ್ಷಿಪಣಿಯ ಜಾಗಕ್ಕೆ ಬಂದದ್ದು ಇದು. ಹಾಗೆಯೇ ಹೆಲಿಕಾಪ್ಟರಿನಿಂದ ಎಸೆಯಬಲ್ಲ 220 ಕಿಲೊ ತೂಕದ ಹಗುರ ಟಾರ್ಪೆಡೊ. ವಿನ್ಯಾಸ ವಿಶಾಖಪಟ್ಟಣದ ನೌಕಾ ಪ್ರಯೋಗಾಲಯದ್ದು, ತಯಾರಿಕೆ ನಮ್ಮ ಊರಿನ ಭಾರತ್ ಡೈನಮಿಕ್ಸ್‌ನದು. 2012ರಲ್ಲಿ ನೌಕಾಪಡೆಗೆ ಹಸ್ತಾಂತರವಾಯಿತು.

ವಿಮಾನ ನಿಲ್ದಾಣದ ದಾರಿಯಿಂದಾಚೆ ಆದಿಭಟ್ಲದಲ್ಲಿ ಇನ್ನೊಂದು ಬಗೆಯ ಕೆಲಸ. ಅಲ್ಲಿ ಟಾಟಾದವರು ಸಿಕೋರ್ಸ್ಕಿಯ ಎಸ್-92 ಹೆಲಿಕಾಪ್ಟರಿನ ಕ್ಯಾಬಿನ್ ಮಾಡಿದ್ದಾರೆ, ಬೋಯಿಂಗ್ ಜೊತೆ ಸೇರಿ ಅಪಾಚೆಯ ಒಡಲು ಮಾಡುತ್ತಾರೆ. ಸಿಕೋರ್ಸ್ಕಿ ಅಂದರೆ ರೋಮಿಯೊ ಮಾಡುವ ಕಂಪನಿಯೇ. ಒಡಲು ನಮ್ಮಲ್ಲಿ ತಯಾರಾಗುತ್ತದೆ. ಎಂಜಿನ್, ಗೇರ್‌ಬಾಕ್ಸ್, ಸೋನಾರ್, ಸಾಫ್ಟ್‌ವೇರ್ ಹೊರಗಿನವು. ಹೆಲಿಕಾಪ್ಟರಿನ ಜೀವ ಇರುವುದು ಅಲ್ಲೇ.

ಹಾಗಾದರೆ ಇಡೀ ಹೆಲಿಕಾಪ್ಟರ್ ನಾವೇ ಮಾಡಬಾರದೆ? ಈ ಪ್ರಶ್ನೆಗೆ ಉತ್ತರ ಹುಡುಕಿದರೆ ದಾರಿ ಕರ್ನಾಟಕಕ್ಕೆ ಹೋಗುತ್ತದೆ. ಫ್ರಾನ್ಸಿನ ಪರವಾನಗಿಯಲ್ಲಿ ಚೇತಕ್ ಮಾಡಿದ್ದು ಬೆಂಗಳೂರು. ನಾವೇ ವಿನ್ಯಾಸ ಮಾಡಿದ ಧ್ರುವ 1992ರ ಆಗಸ್ಟ್ 20ರಂದು ಮೊದಲು ಹಾರಿದ್ದು ಬೆಂಗಳೂರಿನಲ್ಲಿ. ಹಿಮಾಲಯದಲ್ಲಿ ಅದು ಮಾಡಿದ ಸೇವೆ ಸಣ್ಣದಲ್ಲ. ಆದರೆ ಹಡಗಿನ ಮೇಲಿನ ಬೇಟೆಗಾರನ ಕೆಲಸಕ್ಕೆ ನೌಕಾಪಡೆ ಅದನ್ನು ಒಪ್ಪಲಿಲ್ಲ. ಒಂದು ಮುಖ್ಯ ಕಾರಣ ಕೇಳಲು ಸರಳ: ರೆಕ್ಕೆ ಸಾಕಷ್ಟು ಚಿಕ್ಕದಾಗಿ ಮಡಚಲು ಬರುತ್ತಿರಲಿಲ್ಲ. ಧ್ರುವದ ರೋಟರ್‌ಗೆ ಕೀಲು ಇಲ್ಲ, ಬಿಗಿಯಾದ ಜೋಡಣೆ. ಗುಡ್ಡದಲ್ಲಿ ಚುರುಕಾಗಿ ತಿರುಗಲು ಅದು ಒಳ್ಳೆಯದು. ಹಡಗಿನ ಇಕ್ಕಟ್ಟಾದ ಹ್ಯಾಂಗರಿಗೆ ಅದೇ ಅಡ್ಡಿ. ಕೊಡೆ ಎಷ್ಟೇ ಗಟ್ಟಿಯಿದ್ದರೂ ಮಡಚಲು ಬರದಿದ್ದರೆ ಬಸ್ಸಿನಲ್ಲಿ ಹೇಗೆ ಒಯ್ಯುವುದು?

ಇನ್ನೊಂದು ಸಂಗತಿ ಹೇಳಲು ಸಂಕಟವಾಗುತ್ತದೆ. 2024ರ ಸೆಪ್ಟೆಂಬರ್ 2ರ ರಾತ್ರಿ ಗುಜರಾತಿನ ಪೋರಬಂದರ್ ಬಳಿ, ಹಡಗಿನಲ್ಲಿದ್ದ ಗಾಯಾಳುವನ್ನು ಕರೆತರಲು ಹೊರಟ ಕರಾವಳಿ ಕಾವಲು ಪಡೆಯ ಧ್ರುವ ಸಮುದ್ರಕ್ಕೆ ಬಿತ್ತು. ನಾಲ್ವರಲ್ಲಿ ಮೂವರು ತೀರಿಕೊಂಡರು. ನಾಲ್ಕೇ ತಿಂಗಳಲ್ಲಿ, 2025ರ ಜನವರಿ 5ರಂದು, ಅದೇ ಪೋರಬಂದರಿನಲ್ಲಿ ಇನ್ನೊಂದು ಧ್ರುವ ಬಿದ್ದು ಮತ್ತೆ ಮೂವರು ಹೋದರು. ದೇಶದ 300ಕ್ಕೂ ಹೆಚ್ಚು ಧ್ರುವಗಳು ನೆಲಕ್ಕಿಳಿದವು. ಎರಡನೆಯ ಅಪಘಾತದ ತನಿಖೆಯಲ್ಲಿ ಸ್ವಾಶ್‌ಪ್ಲೇಟ್ ಎಂಬ ಭಾಗದ ಬಿರುಕು ಕಂಡಿತು. ಪೈಲಟ್ ಕೈಯಲ್ಲಿನ ಕಡ್ಡಿಯ ಮಾತನ್ನು ತಿರುಗುವ ರೆಕ್ಕೆಗೆ ತಲುಪಿಸುವ ಭಾಗ ಅದು. ಭೂಸೇನೆ, ವಾಯುಸೇನೆಯವು 2025ರ ಮೇ ಹೊತ್ತಿಗೆ ಮತ್ತೆ ಹಾರಿದವು. ಕಡಲ ಮೇಲಿನವು ಇನ್ನಷ್ಟು ಕಾಯಬೇಕಾಯಿತು.

ಉಪ್ಪುಗಾಳಿ ಏನು ಮಾಡುತ್ತದೆ ಎಂದು ಕರಾವಳಿಯವರಿಗೆ ಹೇಳಬೇಕಾಗಿಲ್ಲ. ನಮ್ಮ ಮನೆಗಳ ಕಿಟಕಿ ಸರಳು ಎರಡು ಮಳೆಗಾಲಕ್ಕೆ ಹಿಟ್ಟಾಗುತ್ತದೆ. ಕಡಲ ಮೇಲೆ ಹಾರಿ ಬಂದ ಹೆಲಿಕಾಪ್ಟರಿಗೆ ಸಿಹಿನೀರಿನ ಸ್ನಾನ ಮಾಡಿಸಬೇಕು, ಎಂಜಿನ್ ತೊಳೆಯಬೇಕು, ಸಂದುಗೊಂದು ನೋಡಬೇಕು. ನೆಲದ ಹೆಲಿಕಾಪ್ಟರಿಗೆ ಬಣ್ಣ ಬಳಿದು ಕಡಲಿಗೆ ಕಳಿಸಿದರೆ ನಡೆಯುವುದಿಲ್ಲ. ಹುಟ್ಟುವಾಗಲೇ ಕಡಲ ಕೂಸಾಗಿ ಹುಟ್ಟಬೇಕು.

ಅಂಥ ಕೂಸಿನ ನಕ್ಷೆ ಎಚ್ಎಎಲ್ ಹತ್ತಿರ ಇದೆ. 12.5 ಟನ್ ದರ್ಜೆಯ, ಹಡಗಿನ ಡೆಕ್ಕಿನಿಂದಲೇ ಹಾರುವ ಬಹುಪಾತ್ರ ಹೆಲಿಕಾಪ್ಟರ್. ಬೆಂಗಳೂರಿನ ಏರೋ ಇಂಡಿಯಾದಲ್ಲಿ ಮಾದರಿ ಇಟ್ಟು ತೋರಿಸಿದ್ದಾರೆ. ಅದರ ನೆಲದ ಅಣ್ಣ ಐಎಂಆರ್‌ಎಚ್‌ಗೆ ಫ್ರಾನ್ಸಿನ ಸಾಫ್ರಾನ್ ಜೊತೆ ಸೇರಿ ‘ಅರಾವಳಿ’ ಎಂಬ ಎಂಜಿನ್ ರೂಪಿಸುವ ಕೆಲಸ ಶುರುವಾಗಿದೆ. ಮುಳುಗಿಸುವ ಸೋನಾರ್ ಕೂಡ ನಮಗೆ ಹೊಸತಲ್ಲ, ಕೊಚ್ಚಿಯ ನೌಕಾ ಪ್ರಯೋಗಾಲಯ ಧ್ರುವಕ್ಕೆಂದೇ ‘ಮಿಹಿರ್’ ಎಂಬ ಸೋನಾರ್ ಮಾಡಿತ್ತು. ಕಾರ್ಖಾನೆಯೂ ಸಿದ್ಧ: ತುಮಕೂರು ಜಿಲ್ಲೆ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 615 ಎಕರೆ, 2016ರಲ್ಲಿ ಅಡಿಗಲ್ಲು, 2023ರ ಫೆಬ್ರವರಿ 6ರಂದು ಉದ್ಘಾಟನೆ. ಮೊದಲು ವರ್ಷಕ್ಕೆ 30, ಮುಂದೆ 60, 90 ಹೆಲಿಕಾಪ್ಟರ್ ಮಾಡುವ ಲೆಕ್ಕ. ಆದರೆ ಕಡಲ ಹೆಲಿಕಾಪ್ಟರ್ ಮಾತ್ರ ನಾನು ಇದನ್ನು ಬರೆಯುವ ಹೊತ್ತಿಗೆ ಮಾದರಿಯಾಗಿಯೇ ಇದೆ. ಧ್ರುವ ಹಾರಿ ಮೂವತ್ತು ವರ್ಷ ದಾಟಿತು.

ಈ ಕಾಯುವಿಕೆಗೆ ಗಡಿಯಾರ ಇಲ್ಲ ಎಂದುಕೊಳ್ಳಬೇಡಿ. ಪಾಕಿಸ್ತಾನ ಚೀನಾಕ್ಕೆ ಎಂಟು ಹೊಸ ಜಲಾಂತರ್ಗಾಮಿಗಳಿಗೆ ಹೇಳಿದೆ. ಮೊದಲನೆಯದು 2024ರ ಏಪ್ರಿಲ್‌ನಲ್ಲಿ ವುಹಾನ್‌ನಲ್ಲಿ ನೀರಿಗಿಳಿಯಿತು. ಹಳೆಯ ಡೀಸೆಲ್ ಜಲಾಂತರ್ಗಾಮಿಗಳಿಗಿಂತ ಹೆಚ್ಚು ದಿನ ಮೇಲೆ ಬಾರದೆ ಇರಬಲ್ಲವು. ಆ ಇಡೀ ವರ್ಗಕ್ಕೆ ಅವರು ಇಟ್ಟ ಹೆಸರು ‘ಹಂಗೋರ್’. ಖುಕ್ರಿಯನ್ನು ಮುಳುಗಿಸಿದ್ದರ ಹೆಸರು. ಅವರು ಮರೆತಿಲ್ಲ.

ಕಾರವಾರದ ಅರ್ಗಾದಲ್ಲಿ ಇರುವ ‘ಐಎನ್ಎಸ್ ಕದಂಬ’ ನೆಲೆಯನ್ನು ರೈಲಿನ ಕಿಟಕಿಯಿಂದ ನೋಡಿದವರು ನಿಮ್ಮಲ್ಲಿ ಇದ್ದೀರಿ. 2005ರ ಮೇ 31ರಂದು ಅದು ಸೇವೆಗೆ ಬಂತು. ಆ ಸೀಬರ್ಡ್ ಯೋಜನೆಗಾಗಿ ಕಾರವಾರ, ಅಂಕೋಲೆಯ ಸಾವಿರಾರು ಕುಟುಂಬಗಳು ಮನೆ, ಗದ್ದೆ, ದೋಣಿ ಎಳೆಯುವ ದಂಡೆ ಬಿಟ್ಟು ಎದ್ದವು. ಪರಿಹಾರದ ವ್ಯಾಜ್ಯಗಳು ಎಷ್ಟೋ ವರ್ಷ ಕೋರ್ಟಿನಲ್ಲಿ ಎಳೆದವು. ಅಷ್ಟು ತೆತ್ತು ಕಟ್ಟಿದ ನೆಲೆಯಲ್ಲಿ ನಿಲ್ಲುವ ಹಡಗು ಖಾಲಿ ಹ್ಯಾಂಗರ್ ಇಟ್ಟುಕೊಂಡು ಕಡಲಿಗೆ ಹೋಗಬಾರದು ಎಂದು ನಾನು ಕೇಳುವುದು ಅತಿಯಾಯಿತೇ?

ಕೊಳ್ಳಬೇಡಿ ಎಂದು ನಾನು ಹೇಳುವುದಿಲ್ಲ. ರೋಮಿಯೊ ಬೇಕಿತ್ತು, ತಡವಾಗಿ ಬಂತು, ಬಂದದ್ದು ಒಳ್ಳೆಯದೇ. ನಮ್ಮದೇ ಎಂಬ ಅಭಿಮಾನಕ್ಕೆ ಬಿದ್ದು ಅರೆಬೆಂದದ್ದನ್ನು ನಾವಿಕರ ಕೈಗೆ ಕೊಡುವುದೂ ತಪ್ಪು, ಪೋರಬಂದರಿನ ಆರು ಮನೆಗಳಿಗೆ ಅದರ ಅರ್ಥ ಗೊತ್ತು. ಆದರೆ 24 ಹೆಲಿಕಾಪ್ಟರ್ ಇಷ್ಟು ದೊಡ್ಡ ಕಡಲಿಗೆ ಎಲ್ಲಿ ಸಾಲುತ್ತವೆ? ಮುಂದಿನವನ್ನು ಮಾಡಲು ಹೊರಟರೆ ಕ್ಷಿಪಣಿ, ಆಲ್ಟಿಮೀಟರ್, ಟಾರ್ಪೆಡೊ ಇಲ್ಲಿವೆ, ರೋಟರ್ ಮತ್ತು ಕಾರ್ಖಾನೆ ಕರ್ನಾಟಕದಲ್ಲಿವೆ, ಸೋನಾರ್ ಕೊಚ್ಚಿಯಲ್ಲಿದೆ. ಇನ್ನು ಬೇಕಾದ್ದು ತೀರ್ಮಾನ, ಮತ್ತು ಒಂದು ಡಬ್ಬಿಗೆ ದಿನಗಟ್ಟಲೆ ಕೂರುವ ತಾಳ್ಮೆ.

ಆ ತಾಳ್ಮೆಯ ಜನ ನಮ್ಮ ನಡುವೆಯೇ ಇದ್ದಾರೆ. ಬಾಲಾನಗರ, ಕಂಚನ್‌ಬಾಗ್, ಇಸಿಐಎಲ್ ಕಡೆಯ ಕಾರ್ಖಾನೆಗಳಲ್ಲಿ ಆಯುಷ್ಯ ಸವೆಸಿದ ಬೀದರ್, ಕಲಬುರಗಿ, ರಾಯಚೂರಿನವರು, ಬೆಂಗಳೂರಿನಿಂದ ವರ್ಗವಾಗಿ ಬಂದು ಇಲ್ಲೇ ನಿಂತವರು. ಕಾಚಿಗುಡದ ಸಾಹಿತ್ಯ ಮಂದಿರದ ಕಾರ್ಯಕ್ರಮಗಳಲ್ಲಿ ಹಿಂದಿನ ಸಾಲಿನಲ್ಲಿ ಸುಮ್ಮನೆ ಕೂತಿರುತ್ತಾರೆ. ಅವರ ಮಕ್ಕಳು, ಮೊಮ್ಮಕ್ಕಳು ಮಾಧಾಪುರದ ಗಾಜಿನ ಕಟ್ಟಡಗಳಲ್ಲಿದ್ದಾರೆ, ಅಜ್ಜ ಏನು ಮಾಡುತ್ತಿದ್ದರು ಎಂದು ಕೇಳಿದರೆ ‘ಫ್ಯಾಕ್ಟರಿ’ ಎನ್ನುತ್ತಾರೆ, ಅಷ್ಟೇ. ಓದುಗರಲ್ಲಿ ಒಂದು ವಿನಂತಿ. ನಿಮ್ಮ ಮನೆಯಲ್ಲೋ ನೆರೆಯಲ್ಲೋ ಅಂಥ ಹಿರಿಯರಿದ್ದರೆ ಈ ಭಾನುವಾರ ಕೂತು ಮಾತಾಡಿಸಿ. ಗುಟ್ಟು ಕೇಳಬೇಡಿ, ಅವರು ಹೇಳುವುದೂ ಇಲ್ಲ. ಕೆಲಸ ಹೇಗೆ ಕಲಿತರು, ಒಂದು ತಪ್ಪು ಹೇಗೆ ಹಿಡಿದರು, ರಾತ್ರಿ ಪಾಳಿಯಲ್ಲಿ ಏನು ತಿನ್ನುತ್ತಿದ್ದರು, ಇಷ್ಟು ಸಾಕು. ಬರೆದು ನಮ್ಮ ಪತ್ರಿಕೆಗೆ ಕಳಿಸಿ, ಕನ್ನಡದಲ್ಲೇ. ಮುಂದಿನ ಸಂಚಿಕೆಗಳಲ್ಲಿ ಅದಕ್ಕೆ ಜಾಗ ಇದ್ದೇ ಇದೆ.